ಲಿನ್‌ಡ್ರಮ್ ಮತ್ತು ಅದರ ಸ್ವಿಂಗ್

ಎಂಬತ್ತರ ದಶಕದ ಇಂಗ್ಲಿಷ್ ಪಾಪ್ ಹಾಡುಗಳನ್ನು ಕೇಳಿದವರು ಲಿನ್‌ಡ್ರಮ್ ಎಂಬ ಡ್ರಮ್ ಯಂತ್ರದ ಸದ್ದನ್ನೂ ಕೇಳಿಯೇ ಇರುತ್ತಾರೆ, ಹೆಸರು ಗೊತ್ತಿಲ್ಲದಿದ್ದರೂ. ಅಮೆರಿಕದ ರೋಜರ್ ಲಿನ್ ಇದನ್ನು ತಂದಿದ್ದು 1982ರಲ್ಲಿ. ಇದರ ಅಣ್ಣ ಎಲ್‌ಎಂ-1 ಬಂದಿದ್ದು 1980ರಲ್ಲಿ. ಅದಕ್ಕೂ ಮುಂಚಿನ ರಿದಮ್ ಬಾಕ್ಸ್‌ಗಳು ಸರ್ಕ್ಯೂಟಿನಿಂದಲೇ ಟಿಕ್ ಟುಸ್ ಅಂತ ಸದ್ದು ಹುಟ್ಟಿಸುತ್ತಿದ್ದವು, ಎಲ್‌ಎಂ-1ರಲ್ಲಿ ನಿಜವಾದ ಡ್ರಮ್ ಬಾರಿಸಿ ರೆಕಾರ್ಡ್ ಮಾಡಿ ಚಿಪ್‌ನೊಳಗೆ ಕೂರಿಸಿದ್ದರು.

ಬೆಲೆ ಮಾತ್ರ ಸುಮಾರು 5,000 ಡಾಲರ್! ತಯಾರಾಗಿದ್ದೂ ಐನೂರು ಚಿಲ್ಲರೆ ಅಷ್ಟೇ. ಅದರಲ್ಲಿ ಸಿಂಬಲ್ (ಕೋಲಿನಿಂದ ಬಾರಿಸುವ ಲೋಹದ ತಟ್ಟೆ) ಇರಲಿಲ್ಲ, ಯಾಕಂದ್ರೆ ಸಿಂಬಲ್ ಸದ್ದು ತುಂಬಾ ಹೊತ್ತು ಉಳಿಯುತ್ತೆ, ಅಷ್ಟನ್ನು ಹಿಡಿದಿಡುವ ಮೆಮೊರಿ ಚಿಪ್ ಆಗ ವಿಪರೀತ ದುಬಾರಿ. ಲಿನ್‌ಡ್ರಮ್ಮಿಗೆ ಕ್ರ್ಯಾಶ್, ರೈಡ್ ಎಂಬ ಎರಡು ಸಿಂಬಲ್ ಬಂದವು, ಒಟ್ಟು 15 ಸದ್ದು, ಬೆಲೆಯೂ 3,000 ಡಾಲರಿಗೆ ಇಳಿಯಿತು. ಒಂದೊಂದು ಸದ್ದಿಗೂ ಮೇಲೆಯೇ ಒಂದು ವಾಲ್ಯೂಮ್ ಸ್ಲೈಡರ್. ಚಿಪ್ ಕಿತ್ತು ಬೇರೆ ಸದ್ದಿನ ಚಿಪ್ ಹಾಕಬಹುದಿತ್ತು. 8 ಬಿಟ್, ಅಂದರೆ ಕಡಿಮೆ ನಯದ ಡಿಜಿಟಲ್ ರೆಕಾರ್ಡಿಂಗ್ ಆದ್ದರಿಂದ ಸ್ನೇರ್ ಎಂಬ ಚಟಪಟ ಸದ್ದಿನ ಡ್ರಮ್ಮಿಗೆ ಒಂಥರಾ ಒರಟು ಅಂಚು, ನನಗಂತೂ ಅದೇ ಇಷ್ಟ.

ಆದರೆ ಎಲ್ಲ ಸದ್ದನ್ನೂ ಟ್ಯೂನ್ ಮಾಡುವ (ಶ್ರುತಿ ಏರಿಳಿಸುವ) ಸವಲತ್ತು ಇದ್ದಿದ್ದು ಹಳೆಯ ಎಲ್‌ಎಂ-1ರಲ್ಲೇ. ಅಮೆರಿಕದ ಗಾಯಕ ಪ್ರಿನ್ಸ್‌ಗೆ ಅದು ಅಚ್ಚುಮೆಚ್ಚು. 1984ರ 'ವೆನ್ ಡವ್ಸ್ ಕ್ರೈ' ಹಾಡಿನಲ್ಲಿ ಬಾಗಿಲು ತಟ್ಟಿದಂತೆ ಕೇಳಿಸುತ್ತಲ್ಲ, ಅದು ಸ್ನೇರಿನ ಅಂಚಿಗೆ ಕೋಲು ತಾಗಿಸಿದ ಸದ್ದನ್ನು ಚೆನ್ನಾಗಿ ಕೆಳಗಿಳಿಸಿದ್ದು.

ನನ್ನ ಪ್ರಕಾರ ಲಿನ್ ಅವರ ದೊಡ್ಡ ಕೊಡುಗೆ ಸದ್ದಲ್ಲ, ಲಯ. ತಾಳ ರೆಕಾರ್ಡ್ ಮಾಡುವಾಗ ನೀವು ಬಟನ್ ಒತ್ತಿದ್ದು ಒಂಚೂರು ಹಿಂದುಮುಂದಾದರೆ ಯಂತ್ರವೇ ಅದನ್ನು ಸರಿಯಾದ ಜಾಗಕ್ಕೆ ಎಳೆದು ಕೂರಿಸುತ್ತೆ. ಅಷ್ಟೇ ಆಗಿದ್ದರೆ ತಾಳ ಸಪ್ಪೆ ಆಗ್ತಿತ್ತು ಅಲ್ವಾ, ಅದಕ್ಕೇ ಸ್ವಿಂಗ್. ಒಂದು ಬೀಟನ್ನು ನಾಲ್ಕು ಪಾಲು ಮಾಡಿ, ಎರಡೆರಡರ ಜೋಡಿ ಅಂದುಕೊಳ್ಳಿ. ಸ್ವಿಂಗ್ ಪ್ರತಿ ಜೋಡಿಯ ಎರಡನೇ ಪೆಟ್ಟನ್ನು ಮಾತ್ರ ತಡ ಮಾಡುತ್ತೆ. ಟೆಂಪೋ 120, ಅಂದರೆ ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಜೋಡಿಗೆ 250 ಮಿಲಿಸೆಕೆಂಡ್. ಸ್ವಿಂಗ್ ಶೇಕಡಾ 50 ಅಂದರೆ ಎರಡನೇ ಪೆಟ್ಟು ಸರಿಯಾಗಿ ಮಧ್ಯಕ್ಕೆ, 125ಕ್ಕೆ ಬೀಳುತ್ತೆ. 54ಕ್ಕೆ ಇಟ್ಟರೆ 135ಕ್ಕೆ. ಬರೀ 10 ಮಿಲಿಸೆಕೆಂಡ್ ವ್ಯತ್ಯಾಸ, ಸ್ವಿಂಗ್ ಅಂತ ಕಿವಿ ಗುರುತಿಸಲ್ಲ, ಆದರೆ ತಲೆ ತಾನಾಗಿ ಆಡೋಕೆ ಶುರುವಾಗುತ್ತೆ. 66ಕ್ಕೆ ಹೋದರೆ ಜೋಡಿ ಮೂರು ಪಾಲಾದಂತೆ, ನಮ್ಮ ತಿಶ್ರ ನಡೆಯ ಹತ್ತಿರ.

ಲಿನ್ ಕಂಪನಿ 1986ರಲ್ಲಿ ಮುಚ್ಚಿತು. 1988ರಲ್ಲಿ ಅವರು ಜಪಾನಿನ ಅಕಾಯ್ ಕಂಪನಿ ಜೊತೆ ಸೇರಿ ಎಂಪಿಸಿ60 ಎಂಬ ಇನ್ನೊಂದು ಯಂತ್ರ ಮಾಡಿದಾಗ ಈ ಸ್ವಿಂಗೂ ಜೊತೆಗೆ ಹೋಯಿತು, ಅಲ್ಲಿಂದ ಹಿಪ್-ಹಾಪ್‌ಗೆ, ಈಗ ಹೆಚ್ಚುಕಮ್ಮಿ ಎಲ್ಲ ಮ್ಯೂಸಿಕ್ ಸಾಫ್ಟ್‌ವೇರಿನಲ್ಲೂ ಇದೆ. ಇವತ್ತೇ 54ಕ್ಕೆ ಇಟ್ಟು ನೋಡಿ. ಸುಮ್ನೆ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ಸ್ನೇರ್ ಮಾತ್ರ ಇಟ್ಟುಕೊಂಡು ಪರೀಕ್ಷೆ ಮಾಡಬೇಡಿ, ಅವು ಜಾಸ್ತಿ ಬೀಟಿನ ಮೇಲೇ ಕೂತಿರುತ್ತವೆ, ಸ್ವಿಂಗ್ ಅವನ್ನು ಮುಟ್ಟುವುದೇ ಇಲ್ಲ. ನಾಲ್ಕೂ ಪಾಲಿನಲ್ಲಿ ಹೈ-ಹ್ಯಾಟ್ (ಜೋಡಿ ಸಿಂಬಲ್) ಓಡಿಸಿ, ಆಗ ಗೊತ್ತಾಗುತ್ತೆ.