ಅಳಿಸಿದ ಕಡತ ಬಿಟ್ಟುಕೊಡದ ಜಾಗ

ಜನವರಿಯ ಕೊನೆಯಲ್ಲಿ ಕೊಡಗಿನ ರೊಬಸ್ಟಾ ಕಾಫಿಯ ಕೊಯ್ಲು ಭರದಲ್ಲಿರುತ್ತದೆ. ಕುಶಾಲನಗರದ ಕ್ಯೂರಿಂಗ್ (ಕಾಫಿ ಸಂಸ್ಕರಣಾ) ಘಟಕಕ್ಕೆ ಬರುವ ಪ್ರತಿಯೊಂದು 50 ಕೆಜಿ ಚೀಲದ ತೂಕ, ತೇವಾಂಶ, ಬೆಳೆಗಾರರ ಖಾತೆ ಸಂಖ್ಯೆ ಎಲ್ಲವೂ ನಮ್ಮ ಕಾಫ್ಕಾ ಬ್ರೋಕರ್ (ಸಂದೇಶಗಳನ್ನು ಪಡೆದು, ಡಿಸ್ಕ್‌ನಲ್ಲಿಟ್ಟು, ಬೇಕಾದವರಿಗೆ ಓದಲು ಕೊಡುವ ಸರ್ವರ್) ಮೂಲಕವೇ ಲೆಕ್ಕಪತ್ರ ವಿಭಾಗವನ್ನು ಸೇರಬೇಕು. ಇರುವುದು ಒಂದೇ ಬ್ರೋಕರ್. ಇನ್ನೆರಡು ಬೇಕೆಂದು ಎರಡು ವರ್ಷಗಳಿಂದ ಕೇಳುತ್ತಿದ್ದೇವೆ, ಪ್ರತಿ ಸಲವೂ ಮುಂದಿನ ಬಜೆಟ್‌ನಲ್ಲಿ ನೋಡೋಣವೆಂಬ ಉತ್ತರವೇ ಬರುತ್ತದೆ.

ಅಂಥ ಒಂದು ಶುಕ್ರವಾರ ಸಂಜೆ, 200 ಜಿಬಿ ಡಿಸ್ಕ್ ಶೇ. 91 ತುಂಬಿದೆ ಎಂಬ ಅಲರ್ಟ್ ಬಂದಾಗ ನಾನು ಮಡಿಕೇರಿಯ ಮನೆಯಲ್ಲಿದ್ದೆ. ಡಿಬಗ್ ಲಾಗಿಂಗ್ (ಪ್ರತಿ ಚಿಕ್ಕ ವಿವರವನ್ನೂ ದಾಖಲಿಸುವ ವ್ಯವಸ್ಥೆ) ನಿಲ್ಲಿಸುವುದನ್ನು ಯಾರೋ ಮರೆತಿದ್ದರಿಂದ ಬ್ರೋಕರ್‌ನ ಕನ್ಸೋಲ್ ಔಟ್‌ಪುಟ್ ಕಡತವೊಂದೇ 140 ಜಿಬಿಗೆ ಬೆಳೆದಿತ್ತು. ನಾನು ಡಿಬಗ್ ನಿಲ್ಲಿಸಿ, ಕಡತವನ್ನು ಆರ್‌ಎಂ ಆದೇಶದಿಂದ ಅಳಿಸಿ, ಫೋಲ್ಡರ್ ಹಗುರವಾದುದನ್ನು ಡಿಯು (ಕಡತಗಳ ಗಾತ್ರ ಕೂಡಿಸಿ ಹೇಳುವ ಆದೇಶ) ಕೊಟ್ಟು ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಡಿಎಫ್ (ಇಡೀ ಡಿಸ್ಕ್‌ನಲ್ಲಿ ಬಳಕೆಯಾದ ಜಾಗ ಹೇಳುವ ಆದೇಶ) ಕೊಟ್ಟು ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಡಿಸ್ಕ್ ಶೇ. 92 ತೋರಿಸುತ್ತಿತ್ತು. ಡಿಯು ಹೇಳುತ್ತಿದ್ದುದು 44 ಜಿಬಿ, ಡಿಎಫ್ ಹೇಳುತ್ತಿದ್ದುದು 184. ಈ ಎರಡರ ನಡುವಿನ ವ್ಯತ್ಯಾಸ ನಾನು ಹಿಂದಿನ ಸಂಜೆ ಅಳಿಸಿದ ಕಡತದ ಗಾತ್ರವೇ ಆಗಿತ್ತು. ಅದು ಕಣ್ಣೆದುರಿಗೇ ಇದ್ದರೂ ನನಗೆ ಹೊಳೆಯಲಿಲ್ಲ. ಡಿಸ್ಕ್ ತುಂಬಿದರೆ ಕಾಫ್ಕಾ ತನ್ನ ಸಂದೇಶಗಳಿರುವ ಲಾಗ್ ಡೈರೆಕ್ಟರಿಯನ್ನು ಆಫ್‌ಲೈನ್ ಮಾಡುತ್ತದೆ, ಇರುವ ಒಂದೇ ಡೈರೆಕ್ಟರಿ ಹೋದರೆ ಬ್ರೋಕರೇ ನಿಲ್ಲುತ್ತದೆ ಎಂಬ ಭಯವೊಂದೇ ತಲೆಯಲ್ಲಿತ್ತು. ಟಾಪಿಕ್‌ಗಳ (ಸಂದೇಶಗಳ ವಿಭಾಗಗಳ) ರಿಟೆನ್ಷನ್ ಅವಧಿಯನ್ನು, ಅಂದರೆ ಸಂದೇಶಗಳನ್ನು ಉಳಿಸಿಡುವ ಕಾಲವನ್ನು, 7 ದಿನಗಳಿಂದ 1 ದಿನಕ್ಕೆ ಇಳಿಸಿದೆ. ಐದು ನಿಮಿಷಕ್ಕೊಮ್ಮೆ ನಡೆಯುವ ಪರಿಶೀಲನೆಗೆ ಕಾದೆ. ಒಂದೆರಡು ಹಳೆಯ ಸೆಗ್ಮೆಂಟ್‌ಗಳ (ಸಂದೇಶಗಳನ್ನು ತುಂಬಿಡುವ ಕಡತಗಳ) ಹೆಸರಿಗೆ ಡಿಲೀಟೆಡ್ ಎಂಬ ಬಾಲ ಸೇರಿ, ಒಂದು ನಿಮಿಷದ ನಂತರ ಮಾಯವಾದವು, ಅಷ್ಟೆ. ಉಳಿದ ದತ್ತಾಂಶವೆಲ್ಲ ಇನ್ನೂ 1 ಜಿಬಿ ಮುಟ್ಟದ, ಬರೆಯುತ್ತಲೇ ಇರುವ ಸಕ್ರಿಯ ಸೆಗ್ಮೆಂಟ್‌ಗಳಲ್ಲಿದೆ, ಅದಕ್ಕೇ ಅಳಿಯುತ್ತಿಲ್ಲ ಎಂದು ತರ್ಕಿಸಿ ಸೆಗ್ಮೆಂಟ್ ಅವಧಿಯನ್ನೂ (ಒಂದನ್ನು ಮುಚ್ಚಿ ಹೊಸದನ್ನು ತೆರೆಯುವ ಕಾಲ) ಒಂದು ಗಂಟೆಗೆ ಇಳಿಸಿದೆ. ತರ್ಕ ಸರಿಯಾಗಿತ್ತು, ಆದರೆ ಜಾಗ ಹೋದದ್ದು ಅಲ್ಲಿ ಅಲ್ಲವೇ ಅಲ್ಲ.

ಇಪ್ಪತ್ತು ನಿಮಿಷಗಳ ನಂತರ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ, "ಎಲ್‌ಎಸ್‌ಓಎಫ್‌ಗೆ ಪ್ಲಸ್ ಎಲ್ ಒಂದು ಹಾಕಿ ನೋಡಿದ್ರಾ?" ಎಂದು ಕೇಳಿದರು; ಅಳಿಸಿದರೂ ತೆರೆದೇ ಇರುವ ಕಡತಗಳನ್ನು ತೋರಿಸುವ ಆದೇಶ ಅದು. ನೋಡಿದೆ. ಅಳಿಸಿದ ಕಡತವನ್ನು ಜಾವಾ ಪ್ರೊಸೆಸ್ ಇನ್ನೂ ತೆರೆದೇ ಹಿಡಿದುಕೊಂಡಿತ್ತು. ಲಿನಕ್ಸ್‌ನಲ್ಲಿ ಆರ್‌ಎಂ ತೆಗೆಯುವುದು ಹೆಸರನ್ನು ಮಾತ್ರ; ಕಡತವನ್ನು ತೆರೆದಿಟ್ಟಿರುವ ಕೊನೆಯ ಪ್ರೊಸೆಸ್ ಅದನ್ನು ಬಿಡುವವರೆಗೆ ಬ್ಲಾಕ್‌ಗಳು ಡಿಸ್ಕ್‌ಗೆ ಮರಳುವುದಿಲ್ಲ. ಖರೀದಿಯ ವೇಳೆಯಲ್ಲಿ ರೀಸ್ಟಾರ್ಟ್ ಮಾಡಲು ಮೂವರ ಅನುಮತಿ ಬೇಕಾದ್ದರಿಂದ, ಪ್ರೊಸೆಸ್ ತೆರೆದಿಟ್ಟ ಕಡತಗಳನ್ನು ತಲುಪಲು ಬಿಡುವ ಪ್ರಾಕ್ ಫೋಲ್ಡರ್ ಅಡಿಯ ಎಫ್‌ಡಿ ಮೂಲಕ ಕಡತವನ್ನು ಸೊನ್ನೆಗೆ ಇಳಿಸಿದೆ. ಡಿಸ್ಕ್ ಕೂಡಲೇ ಶೇ. 22ಕ್ಕೆ ಬಂತು. ನಾನು ನಿಟ್ಟುಸಿರು ಬಿಟ್ಟು ತಿಂಡಿಗೆ ಎದ್ದೆ.

ಬದಲಿಸಿದ ಆ ಎರಡು ಸೆಟ್ಟಿಂಗ್‌ಗಳನ್ನು ಹಿಂದಕ್ಕೆ ತರಲಿಲ್ಲ. ಅಪ್‌ಗ್ರೇಡ್‌ಗಾಗಿ ಲೆಕ್ಕಪತ್ರದ ಕನ್ಸ್ಯೂಮರ್ (ಬ್ರೋಕರ್‌ನಿಂದ ಸಂದೇಶಗಳನ್ನು ಓದಿಕೊಳ್ಳುವ ಪ್ರೋಗ್ರಾಂ) ಅನ್ನು ಗುರುವಾರ ರಾತ್ರಿಯಿಂದಲೇ ನಿಲ್ಲಿಸಿದ್ದಾರೆಂಬ ಮೇಲ್ ನನ್ನ ಇನ್‌ಬಾಕ್ಸ್‌ನಲ್ಲಿತ್ತು. ಓದಿದ್ದೆ, ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಗಂಟೆಗೊಂದರಂತೆ ಮುಚ್ಚಿದ ಸೆಗ್ಮೆಂಟ್‌ಗಳು 24 ಗಂಟೆ ತುಂಬಿದಂತೆಲ್ಲ ಒಂದೊಂದಾಗಿ ಅಳಿದವು. ಸೋಮವಾರ ಬೆಳಿಗ್ಗೆ ಕನ್ಸ್ಯೂಮರ್ ಎದ್ದಾಗ ಅದಕ್ಕೆ ಬೇಕಾದ ಆಫ್‌ಸೆಟ್ (ಓದು ಮುಂದುವರಿಸಬೇಕಾದ ಸಂದೇಶದ ಕ್ರಮಸಂಖ್ಯೆ) ಬ್ರೋಕರ್‌ನಲ್ಲಿ ಇರಲಿಲ್ಲ. ಅಂಥ ಸಂದರ್ಭಕ್ಕಿರುವ ಆಫ್‌ಸೆಟ್ ರೀಸೆಟ್ ಸೆಟ್ಟಿಂಗ್ ಡಿಫಾಲ್ಟ್ ಆದ 'ಲೇಟೆಸ್ಟ್'ನಲ್ಲೇ ಇದ್ದುದರಿಂದ ಅದು ಎಲ್ಲಿಯೂ ನಿಲ್ಲದೆ ತುದಿಗೆ ಹಾರಿ, ಎಲ್ಲವೂ ಸರಿಯಿದೆಯೆಂಬಂತೆ ಹೊಸ ಸಂದೇಶಗಳನ್ನು ಓದತೊಡಗಿತು. ಶುಕ್ರವಾರ ಮತ್ತು ಶನಿವಾರದ ತೂಕದ ನಮೂದುಗಳು ಇಲ್ಲವಾಗಿವೆ ಎಂದು ಗೊತ್ತಾದದ್ದು ಮಧ್ಯಾಹ್ನ, ಬೆಳೆಗಾರರೊಬ್ಬರು ತಮ್ಮ ಹಣ ಏಕೆ ಜಮಾ ಆಗಿಲ್ಲವೆಂದು ವಿಚಾರಿಸಿದಾಗ.

ಮುಂದಿನ ಎರಡು ದಿನ ನಾನು ಕುಶಾಲನಗರದ ಗೋದಾಮಿನಲ್ಲಿ ತೂಕದ ಚೀಟಿಗಳ ಕಾರ್ಬನ್ ಪ್ರತಿಗಳನ್ನು ನೋಡಿ ಒಂದೊಂದೇ ನಮೂದನ್ನು ಕೈಯಿಂದ ಸೇರಿಸಿದೆ. ಮಸುಕಾಗಿದ್ದ ಚೀಟಿಗಳ ವಿಷಯದಲ್ಲಿ ಬೆಳೆಗಾರರಿಗೆ ನಾನೇ ಫೋನ್ ಮಾಡಿ, ಅವರು ಹೇಳಿದ ತೂಕವನ್ನೇ ಬರೆದುಕೊಂಡೆ.