ಒಂದು ಬೇಸ್‌ಗೆ ನೂರು ಗಾಬ್ಲಿನ್: ಕೋಟೆ ಕಾಳಗದ ತಯಾರಿ, ಮೂರನೇ ಕಂತು

ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ದಂಡಿನ ಹತ್ತೊಂಬತ್ತನೇ ಬೇಸ್, ಅಂದರೆ ಪುಟ್ಟ ಗೊಂಬೆಗಳ ಗುಂಪನ್ನು ನಿಲ್ಲಿಸಿದ ಪೀಠ, ನಿನ್ನೆ ರಾತ್ರಿ ಮುಗಿಯಿತು. ಇನ್ನು ಐದು ಬಾಕಿ. ಕೋಟೆ ಕಾಯುವವರ ಎಂಟು ಬೇಸ್‌ಗಳು ಆಗಲೇ ತಯಾರಾಗಿ ಚಪ್ಪಲಿ ಡಬ್ಬಿಯಲ್ಲಿ ಭದ್ರವಾಗಿವೆ.

ಹಿಂದಿನ ಕಂತು ಓದದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಐದು ಜನರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಕ್ಯಾಂಪೇನ್, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸುತ್ತಾ ಬೆಳೆಸುವ ಕತೆಯಾಟ, ಎರಡು ವರ್ಷದಿಂದ ನಡೆದಿದೆ. ಕತೆ ಈಗ ಮುಖ್ಯ ಘಟ್ಟಕ್ಕೆ ಬಂದಿದೆ: 800 ಕಾವಲುಗಾರರಿರುವ ಹೊಳೆದಂಡೆಯ ಕೋಟೆಯ ಮೇಲೆ 2,400 ಗಾಬ್ಲಿನ್‌ಗಳು ಮುಗಿಬೀಳಲಿವೆ. ಡಿಎಂ, ಅಂದರೆ ಕತೆ ನಡೆಸುವವನು, ನಾನೇ. ಇದನ್ನು ಬಾಯಲ್ಲಿ ವರ್ಣಿಸಿ ಮುಗಿಸಿಬಿಡಬಹುದು, ಆದರೆ ನನಗೆ ಮನಸ್ಸಿಲ್ಲ. ಎರಡು ವರ್ಷ ಆ ಕೋಟೆಯ ಸಂದುಗೊಂದುಗಳಲ್ಲಿ ಓಡಾಡಿದವರು, ಅದು ಉಳಿಯುತ್ತದೋ ಬೀಳುತ್ತದೋ ಎಂಬುದನ್ನು ಮೇಜಿನ ಮೇಲೆ ಕಣ್ಣಾರೆ ನೋಡಬೇಕು.

ಏಪ್ರಿಲ್‌ನಲ್ಲಿ ನಮ್ಮ ಬಳಿ ಇದ್ದ 28 ಮಿ.ಮೀ. ಎತ್ತರದ ಗೊಂಬೆಗಳನ್ನೇ ಒಟ್ಟುಮಾಡಿ, ನಲವತ್ತು ಗಾಬ್ಲಿನ್‌ಗೆ ಇಪ್ಪತ್ತೈದು ಕಾವಲುಗಾರರಂತೆ ಆಡಿ ನೋಡಿದ್ದೆವು. ಪ್ರತಿ ಗೊಂಬೆಗೂ ಬೇರೆ ಡೈಸ್, ಬೇರೆ ಲೆಕ್ಕ. ಮೂರೂವರೆ ಗಂಟೆಯಲ್ಲಿ ಎರಡೇ ಸುತ್ತು ಆಯಿತು. ಒಂದು ಸುತ್ತು ಎಂದರೆ ಆರು ಸೆಕೆಂಡು, ಅಂದರೆ ಕತೆಯ ಕಾಲದಲ್ಲಿ ಹನ್ನೆರಡು ಸೆಕೆಂಡು!

ಆಮೇಲೆ ಹಳೆಯ ನಿಯಮಗಳನ್ನು ಹುಡುಕಿ ನೋಡಿದಾಗ ಕಣ್ಣು ತೆರೆಯಿತು. ಈ ಆಟ ಹುಟ್ಟಿದ್ದೇ ದಂಡಿನ ಆಟದಿಂದ. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದ 'ಚೈನ್‌ಮೇಲ್' ನಿಯಮಗಳಲ್ಲಿ ಒಂದು ಗೊಂಬೆ ಎಂದರೆ ಇಪ್ಪತ್ತು ಸೈನಿಕರು. ಅದರ ಕೊನೆಯಲ್ಲಿದ್ದ ಫ್ಯಾಂಟಸಿ ಭಾಗವೇ 1974ರ ಮೊದಲ ಡಿ ಅಂಡ್ ಡಿಗೆ ಬೇರು. ಗೊಂಬೆಗೊಬ್ಬ ಸೈನಿಕ ಎಂಬ ಹಟ ಬಿಟ್ಟರೆ ದಂಡು ತಾನಾಗಿಯೇ ಮೇಜಿಗೆ ಬರುತ್ತದೆ.

ನಾನು ಇನ್ನೂ ಮುಂದೆ ಹೋಗಿ ಒಂದು ಬೇಸ್‌ಗೆ ನೂರು ಸೈನಿಕರು ಎಂದು ಲೆಕ್ಕ ಹಾಕಿದೆ. ಬೇಸ್ ಅಳತೆ 60×30 ಮಿ.ಮೀ., ಅದರ ಮೇಲೆ 10 ಮಿ.ಮೀ. ಎತ್ತರದ ಹನ್ನೆರಡು ಗೊಂಬೆ, ಆರಾರರ ಎರಡು ಸಾಲು. ಗೆಳೆಯನ ರೆಸಿನ್ ಪ್ರಿಂಟರ್‌ನಲ್ಲಿ ಆರು ಗೊಂಬೆ ಒಂದೇ ಪಟ್ಟಿಯಾಗಿ ಬರುವ ಹಾಗೆ ತೆಗೆಸಿದೆ. 28 ಮಿ.ಮೀ. ಆಗಿದ್ದರೆ ಒಂದಕ್ಕೆ ನನಗೆ ಒಂದು ಗಂಟೆ ಬೇಕು. ಇಲ್ಲಿ ಹನ್ನೆರಡು ಗೊಂಬೆಯ ಇಡೀ ಬೇಸ್ ಐವತ್ತು ನಿಮಿಷದಲ್ಲಿ ಮುಗಿಯುತ್ತದೆ.

ಬಣ್ಣದ ಕ್ರಮ ಸರಳ. ಕಪ್ಪು ಪ್ರೈಮರ್, ಅದರ ಮೇಲೆ ಒಣ ಬ್ರಷ್‌ನಲ್ಲಿ ಬಿಳಿ ಸವರಿ ಉಬ್ಬುಗಳನ್ನು ಮೇಲೆ ತರುವುದು, ಆಮೇಲೆ ನೀರಾಗಿಸಿದ ಹಸಿರು ಮತ್ತು ಕಂದು. ಈ ಅಳತೆಯಲ್ಲಿ ಕಣ್ಣು ಬರೆಯಲು ಹೋಗಲೇಬೇಡಿ. ಭರ್ಜಿಯ ತುದಿ, ಗುರಾಣಿಯ ಅಂಚು, ಮೂಗಿನ ಮೇಲೊಂದು ತಿಳಿ ಹಸಿರು ಚುಕ್ಕೆ, ಇಷ್ಟೇ ಸಾಕು. ಮೇಜಿನ ಆಚೆ ಕೂತವರಿಗೆ ಕಾಣುವುದು ಅಷ್ಟೇ. ಮೊದಲ ನಾಲ್ಕು ಬೇಸ್‌ಗಳಲ್ಲಿ ಹಿಂದಿನ ಸಾಲು ಮುಂದಿನವರ ಹಿಂದೆ ಮುಚ್ಚಿಹೋಗಿತ್ತು. ಅಜ್ಜಿಯ ಮನೆಯ ಬೊಂಬೆ ಹಬ್ಬದ ಮೆಟ್ಟಿಲು ನೆನಪಾಗಿ, ಹಿಂದಿನ ಪಟ್ಟಿಯ ಕೆಳಗೆ 2 ಮಿ.ಮೀ. ರಟ್ಟು ಅಂಟಿಸಿದೆ. ಇದ್ದಕ್ಕಿದ್ದಂತೆ ಗುಂಪು ದಟ್ಟವಾಯಿತು. ನೆಲಕ್ಕೆ ಫೆವಿಕಾಲ್ ಬಳಿದು, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ಮರಳು ಉದುರಿಸುತ್ತೇನೆ.

ಜುಲೈನಲ್ಲಿ ಒಂದು ಅನಾಹುತವಾಯಿತು. ಮೂರು ದಿನದಿಂದ ಜಿಟಿಜಿಟಿ ಮಳೆ. ತಾಳ್ಮೆಗೆಟ್ಟು ಬಾಲ್ಕನಿಯಲ್ಲಿ ಆರು ಬೇಸ್‌ಗೆ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಬೆಳಗ್ಗೆ ನೋಡಿದರೆ ಎಪ್ಪತ್ತೆರಡು ಗೊಂಬೆಗಳ ಮೇಲೂ ಬೂದಿ ಬಳಿದ ಹಾಗೆ ಬಿಳಿ ಮಂಜು. ಗಾಳಿಯ ತೇವ ವಾರ್ನಿಶ್ ಜೊತೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಐದು ಗಂಟೆಯ ಕೆಲಸ ಹೋಯಿತೆಂದು ನಿಜಕ್ಕೂ ಹೊಟ್ಟೆ ಉರಿಯಿತು. ಕೊನೆಗೆ ಬ್ರಷ್‌ನಿಂದ ಹೊಳಪಿನ ವಾರ್ನಿಶ್ ತೆಳುವಾಗಿ ಬಳಿದಾಗ ಐದರಲ್ಲಿ ಮಂಜು ಕರಗಿ ಬಣ್ಣ ಮತ್ತೆ ಕಂಡಿತು. ಆರನೆಯದಕ್ಕೆ ಮಾತ್ರ ಹೊಸದಾಗಿ ಬಣ್ಣ. ಈಗ ಮಳೆಗಾಲದಲ್ಲಿ ಸ್ಪ್ರೇ ಮುಟ್ಟುವುದಿಲ್ಲ, ಎಲ್ಲವೂ ಬ್ರಷ್‌ನಲ್ಲೇ.

ಇನ್ನು ನಿಯಮಗಳು. ಸತ್ತವರ ಗೊಂಬೆ ಎತ್ತಿಡುವ ಪದ್ಧತಿಯನ್ನೇ ಕೈಬಿಟ್ಟೆ. 'ಕಿಂಗ್ಸ್ ಆಫ್ ವಾರ್' ಆಟದಲ್ಲಿ ಪೆಟ್ಟುಗಳು ಇಡೀ ತುಕಡಿಯ ಮೇಲೆ ಸೇರುತ್ತಾ ಹೋಗುತ್ತವೆ, ಎರಡು ಡೈಸ್ ಉರುಳಿಸಿ ಅದರ ಧೈರ್ಯ ಉಳಿದಿದೆಯೇ ಎಂದು ನೋಡುತ್ತಾರೆ. ಆ ವಿಚಾರವನ್ನೇ ನಮ್ಮ ಅಳತೆಗೆ ಹೊಂದಿಸಿಕೊಂಡೆ. ಪೆಟ್ಟಿಗೊಂದು ಕೆಂಪು ಮಣಿ. ಎರಡು ಡೈಸ್ ಮೊತ್ತಕ್ಕೆ ಮಣಿಗಳ ಸಂಖ್ಯೆ ಕೂಡಿಸಿ, ಗಾಬ್ಲಿನ್‌ಗೆ 10, ಕಾವಲುಗಾರರಿಗೆ 12 ಮುಟ್ಟಿದರೆ ಆ ಬೇಸ್ ಕಾಲ್ಕೀಳುತ್ತದೆ. ದಂಡು ಸೋಲುವುದು ಎಲ್ಲರೂ ಸತ್ತಾಗ ಅಲ್ಲ, ಓಡಲು ಶುರುಮಾಡಿದಾಗ. ಇದು ಗಟ್ಟಿಯಾಗಿ ನಿಂತರೆ ಮಿಕ್ಕದ್ದೆಲ್ಲ ಸರಿಹೋಗುತ್ತದೆ ಎಂಬುದು ನನ್ನ ನಂಬಿಕೆ.

ಮಾಂತ್ರಿಕಳ ಪಾತ್ರ ಆಡುವ ಗೆಳತಿ ತನ್ನ ಬೆಂಕಿಯುಂಡೆ ಮಂತ್ರದ ಬಗ್ಗೆ ಮೊದಲ ದಿನವೇ ಕೇಳಿದ್ದಳು: "ನನ್ನ ಫೈರ್‌ಬಾಲ್‌ಗೆ ಎಷ್ಟು ಜನ ಬೀಳ್ತಾರೆ? ಅದನ್ನ ಸುಮ್ನೆ ಒಂದು ಪೆಟ್ಟು ಅಂತ ಮಾಡ್ಬೇಡ ಕಣೋ." ನ್ಯಾಯವಾದ ಮಾತು. ನಮ್ಮ ಅಳತೆಯಲ್ಲಿ ಒಂದು ಮಿ.ಮೀ. ಎಂದರೆ ಒಂದಡಿ. ನೂರು ಜನ ಇಪ್ಪತ್ತರಂತೆ ಐದು ಸಾಲು ನಿಂತರೆ ಅರವತ್ತಡಿ ಅಗಲ, ಮೂವತ್ತಡಿ ಆಳ, ಅಂದರೆ ಸರಿಯಾಗಿ ಒಂದು ಬೇಸ್. ಫೈರ್‌ಬಾಲ್‌ನ ವ್ಯಾಸ ನಲವತ್ತಡಿ. ಕಾಗದದಲ್ಲಿ 40 ಮಿ.ಮೀ. ವೃತ್ತ ಕತ್ತರಿಸಿ ಬೇಸ್‌ನ ನಡುವೆ ಇಟ್ಟರೆ ನೂರಕ್ಕೆ ಸುಮಾರು ಅರವತ್ತು ಭಾಗ ಮುಚ್ಚುತ್ತದೆ. ಐದನೇ ಆವೃತ್ತಿಯ 2014ರ ಪುಸ್ತಕದಲ್ಲಿ ಗಾಬ್ಲಿನ್‌ನ ಜೀವ 7 ಅಂಕ, ಫೈರ್‌ಬಾಲ್‌ನ ಸರಾಸರಿ ಏಟು 28. ತಪ್ಪಿಸಿಕೊಂಡು ಅರ್ಧ ಏಟು ತಿಂದರೂ 14. ಹಾಗಾಗಿ ನೂರರಲ್ಲಿ ಅರವತ್ತು ಸುಟ್ಟುಹೋಗುತ್ತವೆ. ಇದಕ್ಕೆ ನಾಲ್ಕು ಮಣಿ ಕೊಟ್ಟೆ. ನಾಲ್ಕು ಮಣಿ ಬಿದ್ದ ಗಾಬ್ಲಿನ್ ಬೇಸ್ 36ರಲ್ಲಿ 26 ಸಲ ಓಡುತ್ತದೆ.

ಕಳೆದ ಭಾನುವಾರ ಹನ್ನೆರಡು ಬೇಸ್ ಇಟ್ಟು ಪರೀಕ್ಷೆ ಆಟ ಆಡಿದೆವು. ಎರಡನೇ ಸುತ್ತಿನಲ್ಲಿ ಕಾಗದದ ವೃತ್ತ ನಡುವಿನ ಬೇಸ್ ಮೇಲೆ ಬಿತ್ತು. ಡೈಸ್ ಒಂಬತ್ತು, ನಾಲ್ಕು ಕೂಡಿ ಹದಿಮೂರು. ಅದು ತಿರುಗಿ ಓಡುವಾಗ ಹಿಂದಿದ್ದ ಬೇಸ್‌ಗೆ ನುಗ್ಗಿ ಅದೂ ಚದುರಿತು. ಸಾಲಿನ ನಡುವೆ ಒಂದು ಅಂಗೈ ಅಗಲದ ಬಯಲು. ಯಾರೂ ಮಾತಾಡಲಿಲ್ಲ, ಎಲ್ಲರೂ ಎದ್ದು ನಿಂತು ಮೇಜಿನ ಮೇಲೆ ಬಾಗಿದರು.

ಆದರೆ ಖಡ್ಗದವನ ಪಾತ್ರ ಆಡುವ ಗೆಳೆಯ ನಲವತ್ತು ನಿಮಿಷ ಕೈಕಟ್ಟಿ ಕೂರಬೇಕಾಯಿತು. ಅವನೇನೂ ದೂರಲಿಲ್ಲ, ಆದರೆ ಎರಡು ವರ್ಷ ಬೆಳೆಸಿದ ಪಾತ್ರಕ್ಕೆ ಆ ರಾತ್ರಿ ಕೆಲಸವೇ ಇಲ್ಲವೆಂದರೆ ತಪ್ಪು ನನ್ನ ನಿಯಮದ್ದು. ಅದಕ್ಕೆ ಉತ್ತರ ಕಾಲದ ಲೆಕ್ಕದಲ್ಲೇ ಸಿಕ್ಕಿತು. ದಂಡಿನ ಒಂದು ಸುತ್ತು ಒಂದು ನಿಮಿಷ, ಅಂದರೆ ಆರು ಸೆಕೆಂಡಿನ ಹತ್ತು ಸಾಮಾನ್ಯ ಸುತ್ತು. ಹಾಗಾಗಿ ದಂಡನ್ನು ನಿಲ್ಲಿಸಿ, ಪಕ್ಕದ ಪುಟ್ಟ ಮೇಜಿನಲ್ಲಿ 28 ಮಿ.ಮೀ. ಗೊಂಬೆಗಳಿಂದ ದಿಡ್ಡಿ ಬಾಗಿಲ ಹೊಡೆದಾಟ ಪೂರ್ತಿ ಆಡಬಹುದು. ಬಾಗಿಲು ಉಳಿದರೆ ಕಾವಲುಗಾರರು ಮುಂದಿನ ಸುತ್ತಿನಲ್ಲಿ ತಲಾ ಒಂದು ಮಣಿ ತೆಗೆಯುತ್ತಾರೆ. ಮುರಿದರೆ ಎರಡು ಗಾಬ್ಲಿನ್ ಬೇಸ್ ನೇರ ಒಳಗೆ.

ಈ ವಾರ ಉಳಿದ ಐದು ಬೇಸ್ ಮತ್ತು ದಿಡ್ಡಿ ಬಾಗಿಲು. ಬಾಗಿಲಿಗೆ ಐಸ್‌ಕ್ರೀಮ್ ಕಡ್ಡಿಗಳನ್ನು ಸೀಳಿ ಒಣಗಲು ಇಟ್ಟಿದ್ದೇನೆ, ಬಾಗಿಲು ತಿರುಗುವ ಕೀಲುಗಳಿಗೆ ತಾಮ್ರದ ತಂತಿ. ತೆರೆದು ಮುಚ್ಚುವ ಹಾಗಿರಬೇಕು ಎಂದು ಖಡ್ಗದವನ ಬೇಡಿಕೆ.