ಚುಕ್ಕಿ ಯಾಕೆ ಬೊಗಳುತ್ತಾಳೆ: ತರಬೇತಿಯ ದಾಖಲೆ, ಎರಡನೇ ಕಂತು

ಮೊದಲು ಸುದ್ದಿ. ಅಡುಗೆಮನೆ ಬಾಗಿಲಲ್ಲಿ ಬೊಗಳುವುದು ಹೆಚ್ಚುಕಡಿಮೆ ನಿಂತಿದೆ. ಗೇಟಿನ ಬಳಿ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಎರಡೂ ಕಡೆ ಅದೇ ನಾಯಿ, ಅದೇ ದನಿ. ಆದರೂ ಎರಡಕ್ಕೂ ಬೇರೆ ಬೇರೆ ದಾರಿ ಹಿಡಿಯಬೇಕಾಯಿತು. ಯಾಕೆ ಅನ್ನುವುದೇ ಈ ಕಂತಿನ ವಿಷಯ.

ಹೊಸಬರಿಗಾಗಿ: ಚುಕ್ಕಿ ನಮ್ಮ ಬೀದಿಯಲ್ಲೇ ಹುಟ್ಟಿದ ನಾಟಿ ನಾಯಿ. ಈಗ ಮೈಸೂರಿನ ನಮ್ಮ ಮನೆಯವಳು. ಅವಳ ಜೊತೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್‌ನ (ಎಬಿಎ, ಅಂದರೆ ವರ್ತನೆಯ ಮೊದಲು, ಆಮೇಲೆ ಏನಾಗುತ್ತದೆ ಅಂತ ನೋಡಿ ಅದನ್ನು ಬದಲಿಸುವ ವಿಜ್ಞಾನ) ಮೂಲ ಪಾಠಗಳನ್ನು ಮನೆಯಲ್ಲೇ ಮಾಡಿ ಕಲಿಯುವುದು ನನ್ನ ಯೋಜನೆ. ಎಬಿಎ ಅಂದ ಕೂಡಲೇ ಆಟಿಸಂ ಇರುವ ಮಕ್ಕಳ ಥೆರಪಿ ನೆನಪಾಗುತ್ತದೆ. ಆದರೆ ಅದರ ಬೇರು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಲ್ಯಾಬಿನ ಇಲಿ, ಪಾರಿವಾಳಗಳಲ್ಲಿದೆ. ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮರಿಯನ್ ಬ್ರೆಲ್ಯಾಂಡ್ ದಂಪತಿ 1940ರ ದಶಕದಲ್ಲೇ ಅದನ್ನು ಪ್ರಾಣಿಗಳ ತರಬೇತಿಗೆ ತಂದಿದ್ದರು.

ಶುರುವಿನಲ್ಲಿ ಏನನ್ನೂ ಬದಲಿಸಲಿಲ್ಲ. ಸುಮ್ನೆ ಬರೆದೆವು. ನೋಟ್‌ಬುಕ್‌ನಲ್ಲಿ ಮೂರು ಕಾಲಂ: ಮೊದಲು ಏನಾಯಿತು, ಚುಕ್ಕಿ ಏನು ಮಾಡಿದಳು, ಆಮೇಲೆ ಏನಾಯಿತು. 'ಸಿಟ್ಟು ಬಂತು', 'ಹಠ ಮಾಡಿದಳು' ಅಂತ ಬರೆಯುವ ಹಾಗಿಲ್ಲ. ಕಣ್ಣಿಗೆ ಕಂಡಿದ್ದು, ಕಿವಿಗೆ ಕೇಳಿದ್ದು ಮಾತ್ರ. ಅಮ್ಮ ಇದನ್ನು ನನಗಿಂತ ಚೆನ್ನಾಗಿ ಮಾಡಿದರು.

ಅಡುಗೆಮನೆಯ ಸಾಲುಗಳನ್ನು ಒಟ್ಟಿಗೆ ಓದಿದಾಗ ಚಿತ್ರ ಕಾಣತೊಡಗಿತು. ಅಮ್ಮ ಬೆನ್ನು ತಿರುಗಿಸಿ ಒಗ್ಗರಣೆ ಹಾಕುತ್ತಿರುತ್ತಾರೆ. ಚುಕ್ಕಿ ಬೊಗಳುತ್ತಾಳೆ. ಅಮ್ಮ ತಿರುಗಿ "ಸುಮ್ನಿರೇ!" ಅನ್ನುತ್ತಾರೆ. ಅವಳು ಬಾಲ ಅಲ್ಲಾಡಿಸುತ್ತಾಳೆ. ಹಾಗಾದರೆ ಅವಳಿಗೆ ಬೇಕಾಗಿದ್ದು ಊಟವೋ, ಅಮ್ಮನ ಮುಖವೋ?

ಇದನ್ನು ಪರೀಕ್ಷಿಸುವ ರೀತಿಯನ್ನು ಬ್ರಯಾನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದರು. ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದ ಮಕ್ಕಳನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಇಟ್ಟು ನೋಡಿದರು. ಒಂದರಲ್ಲಿ ಹಾಗೆ ಮಾಡಿದಾಗ ಗಮನ ಸಿಗುತ್ತಿತ್ತು, ಇನ್ನೊಂದರಲ್ಲಿ ಕೊಟ್ಟ ಕೆಲಸದಿಂದ ಬಿಡುವು ಸಿಗುತ್ತಿತ್ತು. ಮಗು ಒಂಟಿಯಾಗಿರುವ ಸನ್ನಿವೇಶ, ಸುಮ್ನೆ ಆಟವಾಡುವ ಸನ್ನಿವೇಶವೂ ಇದ್ದವು. ಹೊರಗಿನಿಂದ ಒಂದೇ ಥರ ಕಾಣುವ ವರ್ತನೆಗೆ ಬೇರೆ ಬೇರೆ ಮಕ್ಕಳಲ್ಲಿ ಬೇರೆ ಬೇರೆ ಕಾರಣ ಸಿಕ್ಕಿತು. ಇಡೀ ಎಬಿಎಯಲ್ಲಿ ನನಗೆ ಅತ್ಯಂತ ಮುಖ್ಯ ಅನಿಸಿದ ವಿಚಾರ ಇದು. ಕಾರಣ ತಿಳಿಯದೆ ಮದ್ದು ಕೊಡುವುದು ಆ ಜೀವಕ್ಕೆ ಮಾಡುವ ಅನ್ಯಾಯ.

ನಾವು ಅದರ ಚಿಕ್ಕ ರೂಪ ಮಾಡಿದೆವು. ಅಮ್ಮ ಅವಳ ಕಡೆ ಮುಖ ಮಾಡಿ ಮಾತಾಡುತ್ತಾ ತರಕಾರಿ ಹೆಚ್ಚಿದರು, ತಿನ್ನಲು ಏನೂ ಕೊಡಲಿಲ್ಲ. ಬೊಗಳಲಿಲ್ಲ. ಪಕ್ಕದಲ್ಲೇ ಊಟದ ಬಟ್ಟಲಿಟ್ಟು ಬೆನ್ನು ತಿರುಗಿಸಿದರು. ಬೊಗಳಿದಳು! ಬೇಕಾಗಿದ್ದು ಗಮನ, ಅಷ್ಟೇ. ನಮ್ಮ "ಸುಮ್ನಿರೇ" ಅನ್ನುವ ಗದರಿಕೆಯೇ ಅವಳಿಗೆ ಪುನರ್ಬಲನ. ಬೈಗುಳವಾದರೇನು, ಅದು ಸಿಕ್ಕಿದ ಮೇಲೆ ಬೊಗಳುವುದು ಜಾಸ್ತಿಯಾಗುತ್ತದೆ ಅಂದರೆ ಅದು ಪುನರ್ಬಲನವೇ.

ಹಾಗಾಗಿ ಗಮನ ಕೇಳಲು ಬೇರೆ ದಾರಿ ಕಲಿಸಿದೆವು: ಬಾಗಿಲ ಪಕ್ಕದ ಗೋಣಿಚೀಲದ ಮೇಲೆ ಮಲಗುವುದು. ಒಂದೇ ಸಲಕ್ಕೆ ಅಲ್ಲ. ಮೊದಲು ಗೋಣಿಚೀಲ ನೋಡಿದರೆ ಸಾಕು, ನಾಲಿಗೆಯಿಂದ 'ಟಕ್' ಅಂದು ಹೊಗಳಿಕೆ, ಒಂದು ಚೂರು ಚಿಕನ್. ಆಮೇಲೆ ಒಂದು ಕಾಲು ಇಟ್ಟರೆ, ನಾಲ್ಕೂ ಇಟ್ಟರೆ, ಕೂತರೆ, ಕೊನೆಗೆ ಮಲಗಿದರೆ ಮಾತ್ರ. ಇದು ಶೇಪಿಂಗ್. ಈಗ ಚಿಕನ್ ಬೇಕಾಗಿಲ್ಲ. ಅವಳು ಮಲಗಿದ ಕೂಡಲೇ ಅಮ್ಮ ತಿರುಗಿ ಮಾತಾಡಿಸುತ್ತಾರೆ.

ಇನ್ನೊಂದು ಕಡೆ, ಬೊಗಳಿದರೆ ಯಾರೂ ತಿರುಗಿ ನೋಡುವ ಹಾಗಿರಲಿಲ್ಲ. ಮೊದಲಿಗೆ ಬೊಗಳುವುದು ಜೋರಾಯಿತು, ಬಾಗಿಲು ಕೆರೆಯುವುದೂ ಸೇರಿಕೊಂಡಿತು. ಇದಕ್ಕೆ ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅನ್ನುತ್ತಾರೆ. ಇದುವರೆಗೆ ಕೆಲಸಕ್ಕೆ ಬರುತ್ತಿದ್ದ ದಾರಿ ಮುಚ್ಚಿದಾಗ ಪ್ರಾಣಿ ಮೊದಲು ಇನ್ನೂ ಜೋರಾಗಿ ತಳ್ಳಿ ನೋಡುತ್ತದೆ. ಅಜ್ಜಿಗೆ ಕರುಳು ಚುರುಕ್ ಅಂತಿತ್ತು. "ಪಾಪ ಕಣೇ, ಒಂದು ಸಲ ಮಾತಾಡಿಸಿದ್ರೆ ಏನಾಗುತ್ತೆ?" ಅವರಿಗೆ ಕೂರಿಸಿಕೊಂಡು ವಿವರಿಸಿದೆ. ಪ್ರತಿ ಸಲ ಫಲ ಸಿಗುತ್ತಿದ್ದ ವರ್ತನೆ ಫಲ ನಿಂತರೆ ಬೇಗ ಆರುತ್ತದೆ. ಯಾವಾಗಲೋ ಒಮ್ಮೆ ಸಿಗುವುದಾದರೆ ತುಂಬಾ ಕಾಲ ಉಳಿಯುತ್ತದೆ. ಆಗಾಗ ಗೆಲ್ಲುವವನು ಜೂಜು ಬಿಡುತ್ತಾನಾ? ಅಜ್ಜಿ ಒಪ್ಪಿದರು. ಗೋಣಿಚೀಲದ ಮೇಲಿದ್ದಾಗ ಎಷ್ಟು ಬೇಕಾದರೂ ಮುದ್ದು ಮಾಡಬಹುದು ಅಂದಾಗ ಖುಷಿಯೂ ಪಟ್ಟರು.

ಗೋಣಿಚೀಲದಿಂದಲೇ ಈ ಬದಲಾವಣೆ ಬಂತೇ? 1968ರಲ್ಲಿ ಬೇರ್, ವುಲ್ಫ್, ರಿಸ್ಲಿ ಅವರು ಈ ಕ್ಷೇತ್ರಕ್ಕೆ ಏಳು ಲಕ್ಷಣಗಳನ್ನು ಹಾಕಿಕೊಟ್ಟ ಲೇಖನದಲ್ಲಿ ಇದನ್ನೂ ಸೇರಿಸಿದ್ದಾರೆ: ಬದಲಾವಣೆ ನಮ್ಮ ಕ್ರಮದಿಂದಲೇ ಬಂತು ಅಂತ ತೋರಿಸಬೇಕು. ಹಾಗಾಗಿ ಸ್ವಲ್ಪ ಕಾಲ ಹಳೆಯ ರೀತಿಗೆ ಮರಳಿದೆವು. ಬೊಗಳುವುದು ಬೇಗನೆ ವಾಪಸ್ ಬಂತು. ಹೊಸ ರೀತಿಗೆ ಹೋದಾಗ ಮತ್ತೆ ಇಳಿಯಿತು. ಗ್ರಾಫಿನಲ್ಲಿ ಆ ಗೆರೆ ಏರಿ ಇಳಿದಿದ್ದು ನೋಡಿ ಆದ ಸಂತೋಷ ದೊಡ್ಡದು.

ಗೇಟಿನ ಕಥೆ ಬೇರೆ. ಪೇಪರ್ ಹುಡುಗ, ಹಾಲಿನವರು, ಹಾಡು ಹಾಕಿಕೊಂಡು ಬರುವ ಕಸದ ಗಾಡಿ, ಕೊರಿಯರ್. ಎಲ್ಲರೂ ಬರುತ್ತಾರೆ, ಕೆಲಸ ಮುಗಿಸಿ ಹೋಗುತ್ತಾರೆ. ಚುಕ್ಕಿಯ ಲೆಕ್ಕದಲ್ಲಿ ತಾನು ಬೊಗಳಿದ್ದಕ್ಕೇ ಹೋದರು, ಅಲ್ವಾ? ತನ್ನಷ್ಟಕ್ಕೆ ಬರುತ್ತಿದ್ದ ಕಾಳು ತಮ್ಮ ಕುಣಿತಕ್ಕೇ ಬಂತೆಂಬ ಹಾಗೆ ಸುತ್ತುತ್ತಿದ್ದ ಪಾರಿವಾಳಗಳ ಬಗ್ಗೆ ಸ್ಕಿನ್ನರ್ 1948ರಲ್ಲೇ ಬರೆದಿದ್ದರು. ಬೇಡದ್ದು ದೂರವಾಗಿ ವರ್ತನೆ ಬಲವಾಗುವುದು ಋಣ ಪುನರ್ಬಲನ. ಇದನ್ನು ಶಿಕ್ಷೆ ಅಂದುಕೊಳ್ಳುವವರು ಬಹಳ. ಶಿಕ್ಷೆ ವರ್ತನೆಯನ್ನು ಕಡಿಮೆ ಮಾಡುತ್ತದೆ, ಇದು ಹೆಚ್ಚಿಸುತ್ತದೆ.

ಆದ್ದರಿಂದ ಬೊಗಳಿ ಪಡೆಯುತ್ತಿದ್ದುದನ್ನೇ ಸುಮ್ಮನಿದ್ದು ಪಡೆಯಲು ಕಲಿಸುತ್ತಿದ್ದೇವೆ. ಪಕ್ಕದ ಬೀದಿಯ ಗೆಳತಿ ಅಪರಿಚಿತಳಂತೆ ದೂರದಲ್ಲಿ ನಿಲ್ಲುತ್ತಾಳೆ. ಚುಕ್ಕಿ ಮುಖ ತಿರುಗಿಸಿದರೆ ಅಥವಾ ಕಿವಿ ಸಡಿಲ ಬಿಟ್ಟರೆ ಗೆಳತಿ ಹಿಂದೆ ಸರಿಯುತ್ತಾಳೆ. ದಿನ ಕಳೆದಂತೆ ಒಂದೊಂದು ಹೆಜ್ಜೆ ಹತ್ತಿರ. ಚುಕ್ಕಿಯ ಮೈ ಬಿಗಿಯಾದರೆ ಅವತ್ತಿಗೆ ನಿಲ್ಲಿಸುತ್ತೇವೆ. ಅವಳಾಗಿಯೇ ಒಳಗೆ ಹೋದರೆ ಕರೆಯುವುದಿಲ್ಲ. ಇಲ್ಲಿ ಹಳೆಯ ರೀತಿಗೆ ಮರಳಿ ಪರೀಕ್ಷಿಸುವುದಿಲ್ಲ, ಹೆದರಿಕೆಯನ್ನು ಬೇಕಂತ ಎಬ್ಬಿಸಬಾರದು. ಬದಲಿಗೆ ಮೊದಲು ಪೇಪರ್ ಹುಡುಗ, ಆಮೇಲೆ ಹಾಲಿನವರು, ಕೊನೆಗೆ ಕಸದ ಗಾಡಿ ಅಂತ ಒಂದೊಂದಾಗಿ ಶುರುಮಾಡಿ, ಆಯಾ ಗೆರೆ ಆಯಾ ಹೊತ್ತಿಗೇ ಇಳಿಯುತ್ತದೆಯೇ ಅಂತ ನೋಡುತ್ತಿದ್ದೇವೆ. ಪೇಪರ್ ಹುಡುಗನ ಗೆರೆ ಚೆನ್ನಾಗಿ ಇಳಿದಿದೆ.

ಕೋಲು, ಶಾಕ್ ಕಾಲರ್ ಸಲಹೆ ಕೊಟ್ಟವರಿದ್ದಾರೆ. ಬೇಡ. 1960ರ ದಶಕದಲ್ಲಿ, ಆಟಿಸಂಗೆ ಎಬಿಎ ಥೆರಪಿ ರೂಪಿಸಿದವರಲ್ಲಿ ಒಬ್ಬರಾದ ಮನೋವಿಜ್ಞಾನಿ ಲೋವಾಸ್ ಅವರ ಕೆಲಸದಲ್ಲಿ ಆಟಿಸಂ ಇರುವ ಮಕ್ಕಳಿಗೂ ವಿದ್ಯುತ್ ಶಾಕ್ ಕೊಟ್ಟಿದ್ದರು. ಇಂದು ಆಟಿಸಂ ಇರುವ ಎಷ್ಟೋ ದೊಡ್ಡವರು ಎಬಿಎಯನ್ನು ಕಟುವಾಗಿ ಟೀಕಿಸುತ್ತಾರೆ. ಆ ಟೀಕೆ ಓದಿದ ಮೇಲೆಯೇ 'ಅವಳು ಎದ್ದು ಹೋಗಬಹುದು' ಅನ್ನುವುದು ನಮ್ಮ ಮನೆಯ ನಿಯಮವಾಯಿತು.

ಮುಂದಿನ ತಿಂಗಳು ಹಾಸನದ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೇವೆ. ಇಲ್ಲಿ ಕಲಿತದ್ದು ಬೇರೆ ಮನೆಯಲ್ಲೂ ನಿಲ್ಲುತ್ತದೆಯೇ ನೋಡಬೇಕು, ಅದೂ ಆ ಏಳು ಲಕ್ಷಣಗಳಲ್ಲಿ ಒಂದು. ಗೋಣಿಚೀಲ ಜೊತೆಗೆ ಬರುತ್ತದೆ. ಮೊದಲೆರಡು ದಿನ ಬರೀ ಬರೆದುಕೊಳ್ಳುತ್ತೇವೆ. ಚಿಕ್ಕಮ್ಮನಿಗೆ ಈಗಾಗಲೇ ಫೋನಿನಲ್ಲಿ ಮೂರು ಕಾಲಂ ಹೇಳಿಕೊಟ್ಟಿದ್ದೇನೆ.